ನಗದು ಮತ್ತು ಉದ್ದರಿ: ಬಿಡದಿಯ ದುಡಿಮೆಗಾರರನ್ನು ಕುರಿತು ಒಂದು ವಿವೇಚನೆ

ವ್ಯವಹಾರದ ಮಾತುಗಳಲ್ಲಿ ಜನಜೀವನದ ಇತಿಹಾಸ ಅಡಗಿರುತ್ತದೆಂಬುದು ಭಾಷಾಭ್ಯಾಸಿಗಳೆಲ್ಲರೂ ಬಲ್ಲ ಸಂಗತಿ. ‘ನಗದು’ ಎಂಬುದು ಅಚ್ಚಗನ್ನಡದ ಮಾತಲ್ಲ. ಅರಬ್ಬಿಯಲ್ಲಿ ಹುಟ್ಟಿ, ಪಾರಸಿಯ ಮೂಲಕ, ದಫ್ತರದ ಭಾಷೆಯೊಡನೆ ನಮ್ಮ ನಾಡನ್ನು ಸೇರಿದುದು. ಮೂಲದಲ್ಲಿ ಆ ಧಾತುವಿಗೆ ನಾಣ್ಯವನ್ನು ಪರೀಕ್ಷಿಸಿ, ಸಾಚಾ ಯಾವುದು, ಖೋಟಾ ಯಾವುದು ಎಂದು ಬೇರ್ಪಡಿಸುವುದೆಂಬ ಅರ್ಥವಿದೆ. ಅರಬ್ಬಿಯಲ್ಲಿ ಸಾಹಿತ್ಯ ವಿಮರ್ಶೆಗೂ ಇದೇ ಶಬ್ದ. ಇದರ ಎದುರಾಳಿಯಾದ ‘ಉದ್ದರಿ’ಯಾದರೋ ಸಂಸ್ಕೃತದ ‘ಉದ್ಧಾರ’ದ ತದ್ಭವ. ಮೇಲೆತ್ತುವುದು, ಪಾರುಮಾಡುವುದು ಎಂಬ ಅರ್ಥದಲ್ಲಿ ನಾವು ದಿನವೂ ಬಳಸುವ ಆ ಶಬ್ದಕ್ಕೆ ಸಾಲವೆಂಬ ಅರ್ಥವೂ ಉಂಟು. ಅಮರಕೋಶದ ವೈಶ್ಯವರ್ಗದಲ್ಲಿ ಅದು ಋಣದ ಪರ್ಯಾಯಪದವಾಗಿ ಬಂದಿದೆ. ಬಡ್ಡಿಯಿಲ್ಲದ ಸಾಲಕ್ಕೆ ವಿಶೇಷವಾಗಿ ಸಲ್ಲುವ ಮಾತೆಂದು ಕೋಶಕಾರರು ಹೇಳುವುದುಂಟು. ಈ ಕಡೆಯ ಸೂಕ್ಷ್ಮವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥನೆ. ಮುಂದೆ ಅದು ಕೆಲಸಕ್ಕೆ ಬರುತ್ತದೆ.

ಕಿಸೆಯಲ್ಲಿ ಕ್ರೆಡಿಟ್ ಕಾರ್ಡ್ ಇರುವಾಗಲೂ ನಗದನ್ನೇ ಎಣಿಸಿ ಕೊಡಬಯಸುವವರು ನಮ್ಮ ನಡುವೆ ಇನ್ನೂ ಬಹುಮಂದಿ ಇದ್ದಾರೆ. ಅವರ ಬಯಕೆಯಲ್ಲಿ ಹುರುಳಿದೆಯೋ, ಅಥವಾ ಅದು ಹಳೆಯ ಕಾಲದ ಮೇಲಿನ ಬರಿಯ ಮಮತೆಯೋ ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ. ವಿಚಾರಕ್ಕೆ ಬಿಡದಿಯ ಕೈಗಾರಿಕಾ ಪ್ರದೇಶವನ್ನೇ ಆರಿಸಿಕೊಂಡುದಕ್ಕೆ ಕಾರಣವಿದೆ. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಅಲ್ಲಿ ದುಡಿಯುತ್ತಿದ್ದಾರೆ. ಅವರ ಕಷ್ಟಸುಖಗಳು ಈ ಸಂಚಿಕೆಯನ್ನು ಓದುವ ಅಧ್ಯಾಪಕರಿಗೂ ದಾನಿಗಳಿಗೂ ಪರಕೀಯವಲ್ಲ.

ಒಂದು ಕಾಲಕ್ಕೆ ಬಿಡದಿಯೆಂದರೆ ತಟ್ಟೆ ಇಡ್ಲಿ. ಬೆಂಗಳೂರು ಮೈಸೂರುಗಳ ನಡುವೆ ಓಡಾಡುವವರು ಅದರ ರುಚಿಗಾಗಿಯೇ ಆ ಊರನ್ನು ನೆನೆಯುತ್ತಿದ್ದರು. ೧೯೯೭ರಲ್ಲಿ ಟೊಯೋಟಾ ಕಿರ್ಲೋಸ್ಕರ್ ಮೋಟಾರ್ ಕಂಪನಿ ಸ್ಥಾಪಿತವಾಗಿ, ೧೯೯೯ರ ಕೊನೆಯಲ್ಲಿ ಅದರ ಕಾರ್ಖಾನೆಯಿಂದ ಕ್ವಾಲಿಸ್ ವಾಹನಗಳು ಹೊರಬರತೊಡಗಿದ ಮೇಲೆ ಆ ಊರಿನ ಬಾಳುವೆಯೇ ಬೇರೆಯಾಯಿತು. ಕೋಕಾ ಕೋಲಾ, ಬಾಷ್ ಮೊದಲಾದ ಹೆಸರುಗಳು ಅಲ್ಲಿ ಈಗ ಬಸ್ ನಿಲ್ದಾಣದ ಹೆಸರುಗಳಷ್ಟು ಸಹಜ. ರಾಗಿ, ರೇಷ್ಮೆ, ತೆಂಗುಗಳನ್ನು ನಂಬಿದ್ದ ಸೀಮೆಯಲ್ಲಿ ಆದಾಯವು ಬೆಳೆಯ ಕಾಲಕ್ಕೆ ಬರುತ್ತಿತ್ತು. ಈಗ ತಿಂಗಳ ಮೊದಲ ವಾರದಲ್ಲಿ ಬರುತ್ತದೆ. ಅದೂ ಕೈಗಲ್ಲ, ಖಾತೆಗೆ. ಸಂಬಳದ ಖಾತೆ ತೆರೆದ ಆರು ತಿಂಗಳೊಳಗೆ ಕಾರ್ಡ್ ಬೇಕೇ ಎಂದು ಕೇಳುವ ಕರೆಗಳೂ ಬರುತ್ತವೆ. ಐಟಿಐ ಮುಗಿಸಿ ಕೆಲಸಕ್ಕೆ ಸೇರಿದ ಇಪ್ಪತ್ತೆರಡರ ಹುಡುಗನಿಗೆ, ತನ್ನ ತಂದೆ ಸೊಸೈಟಿಯಲ್ಲಿ ಹತ್ತು ಸಲ ಅಲೆದು ಪಡೆಯುತ್ತಿದ್ದುದಕ್ಕಿಂತ ಹೆಚ್ಚಿನ ಸಾಲ, ಕೇಳದೆಯೇ ಕೈಸೇರುತ್ತದೆ. ಅದನ್ನು ಸಾಲವೆಂದು ಯಾರೂ ಕರೆಯುವುದಿಲ್ಲ, ‘ಲಿಮಿಟ್’ ಎನ್ನುತ್ತಾರೆ.

ಇಲ್ಲಿ ಒಂದು ಭೇದವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ೨೦೧೬ರಲ್ಲಿ ಆರಂಭವಾದ ಯುಪಿಐ ಪದ್ಧತಿಯಲ್ಲಿ ಮೊಬೈಲಿನಿಂದ ಹಣ ಕೊಟ್ಟಾಗ ಸಾಮಾನ್ಯವಾಗಿ ಹೋಗುವುದು ನಮ್ಮ ಖಾತೆಯಲ್ಲಿರುವ ನಮ್ಮದೇ ಹಣ. ಕ್ರೆಡಿಟ್ ಕಾರ್ಡಿನಲ್ಲಿ ಹೋಗುವುದು ಬ್ಯಾಂಕಿನ ಹಣ. ನಮ್ಮ ಪಾಲಿಗೆ ಉಳಿಯುವುದು ಋಣ. ೨೦೨೨ರಿಂದ ರುಪೇ ಕ್ರೆಡಿಟ್ ಕಾರ್ಡನ್ನೂ ಯುಪಿಐಗೆ ಜೋಡಿಸಲು ಅವಕಾಶವಾದುದರಿಂದ, ಅಂಗಡಿಯ ಗೋಡೆಯ ಮೇಲಿನ ಒಂದೇ ಕಪ್ಪುಬಿಳಿಯ ಚೌಕ ಎರಡಕ್ಕೂ ಬಾಗಿಲಾಗಿದೆ. ಕೊಡುವವನ ಬೆರಳು ಮಾಡುವ ಕೆಲಸ ಒಂದೇ. ಒಮ್ಮೆ ಅದು ಖರ್ಚು, ಇನ್ನೊಮ್ಮೆ ಸಾಲ.

ಇನ್ನು ನೋಟಿನ ವಿಚಾರ. ಇಂಗ್ಲಿಷಿನಿಂದ ಬಂದ ‘ನೋಟು’ ಎಂಬ ಮಾತಿಗೂ ನಮ್ಮದೇ ಆದ ‘ನೋಟ’ಕ್ಕೂ ಸಂಬಂಧವಿಲ್ಲವೆಂಬುದು ನಿಜ. ಆದರೂ ನಾಣ್ಯ ಪರೀಕ್ಷೆ ಮಾಡುವವನನ್ನು ನಮ್ಮ ಹಿರಿಯರು ‘ನೋಟಗಾರ’ನೆಂದು ಕರೆಯುತ್ತಿದ್ದರು. ಅಂದರೆ ಅರಬ್ಬಿಯ ‘ನಗದು’ ಹೇಳಿದ್ದನ್ನೇ ಕನ್ನಡವೂ ತನ್ನ ರೀತಿಯಲ್ಲಿ ಹೇಳಿದೆ: ಹಣವೆಂದರೆ ಕಣ್ಣಿನಿಂದ ಕಂಡು, ಕೈಯಿಂದ ಮುಟ್ಟಿ, ಆಮೇಲೆ ಒಪ್ಪಿಸುವ ಅಥವಾ ಒಪ್ಪಿಕೊಳ್ಳುವ ವಸ್ತು. ಐನೂರರ ನೋಟನ್ನು ಮುರಿಸಿದಾಗ ಅದು ಹೋಯಿತೆಂಬುದು ತಿಳಿಯುತ್ತದೆ. ಉಳಿದ ಚಿಲ್ಲರೆ ಎಷ್ಟೆಂಬುದೂ ತಿಳಿಯುತ್ತದೆ. ಕಿಸೆ ಬರಿದಾದರೆ ಬೇರೆ ಯಾವ ಉಪದೇಶವೂ ಬೇಡ.

ಆ ನೋಟನ್ನು ತಿರುಗಿಸಿ ನೋಡಿದರೆ ಹದಿನೈದು ಭಾಷೆಗಳ ಪಟ್ಟಿಯಲ್ಲಿ ಅಸ್ಸಾಮಿ, ಬಂಗಾಳಿ, ಗುಜರಾತಿಗಳ ತರುವಾಯ ನಾಲ್ಕನೆಯದಾಗಿ ಕನ್ನಡದಲ್ಲಿ ಅದರ ಬೆಲೆ ಬರೆದಿದೆ. ಕಾರ್ಡಿನ ಮೇಲೆ ಸಾಮಾನ್ಯವಾಗಿ ಕನ್ನಡದ ಒಂದಕ್ಷರವೂ ಕಾಣದು. ಭಾಷಾಭಿಮಾನಕ್ಕಾಗಿ ಈ ಮಾತನ್ನು ಹೇಳುತ್ತಿಲ್ಲ. ಓದಲು ಬರುವುದರ ಮೇಲೆ ನಂಬಿಕೆ ಬೆಳೆಯುವುದು ಮನುಷ್ಯಸ್ವಭಾವ. ಅದಲ್ಲದೆ, ನಮ್ಮ ಕೈಗೆ ಬರುವ ನೋಟುಗಳಲ್ಲಿ ಹಲವು ಅಚ್ಚಾಗುವುದು ಬಿಡದಿಯ ಮುಂದೆ ಹಾಯುವ ಅದೇ ಹೆದ್ದಾರಿಯ ಇನ್ನೊಂದು ತುದಿಯಲ್ಲಿ, ೧೯೯೬ರಲ್ಲಿ ಕೆಲಸ ಆರಂಭಿಸಿದ ಮೈಸೂರಿನ ನೋಟು ಮುದ್ರಣಾಲಯದಲ್ಲಿ.

ಸೂಕ್ಷ್ಮವಾಗಿ ನೋಡಿದರೆ ನೋಟೂ ಒಂದು ಋಣಪತ್ರವೇ. ಅದನ್ನು ಹೊಂದಿದವನಿಗೆ ಅಷ್ಟು ಹಣ ಕೊಡುವೆನೆಂದು ರಿಸರ್ವ್ ಬ್ಯಾಂಕಿನ ಗವರ್ನರು ರುಜು ಹಾಕಿರುತ್ತಾರೆ; ೧೯೩೪ರ ರಿಸರ್ವ್ ಬ್ಯಾಂಕ್ ಕಾಯಿದೆಯಂತೆ ಕೇಂದ್ರ ಸರ್ಕಾರದ ಖಾತರಿ ಅದರ ಹಿಂದಿದೆ. ನೋಟು ಕಿಸೆಯಲ್ಲಿದ್ದರೆ ರಿಸರ್ವ್ ಬ್ಯಾಂಕು ನಮಗೆ ಸಾಲಗಾರ. ಕಾರ್ಡನ್ನು ಬಳಸಿದರೆ ನಾವು ಬ್ಯಾಂಕಿಗೆ ಸಾಲಗಾರರು. ಎರಡೂ ಒಂದೇ ಚರ್ಮದ ಚೀಲದಲ್ಲಿ ಅಕ್ಕಪಕ್ಕದಲ್ಲಿ ಕುಳಿತಿದ್ದರೂ ಅವುಗಳ ಮುಖ ಬೇರೆ ಬೇರೆ ದಿಕ್ಕಿಗೆ.

ಕಾರ್ಡನ್ನು ಸಮರ್ಥಿಸುವವರ ಮಾತಿನಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ನಿಗದಿಯಾದ ದಿನದೊಳಗೆ ಪೂರ್ಣ ಮೊತ್ತವನ್ನು ಕಟ್ಟಿದರೆ ಬಡ್ಡಿಯಿಲ್ಲ. ಆಗ ಅದು ಕೋಶಕಾರರು ಹೇಳುವ ‘ಉದ್ಧಾರ’ವೇ ಸರಿ. ಆಸ್ಪತ್ರೆಯಲ್ಲಿ ನಡುರಾತ್ರಿ ಮುಂಗಡ ಕೇಳಿದಾಗ ಕಾರ್ಡು ಆಪದ್ಬಾಂಧವನಾದ ಪ್ರಸಂಗಗಳನ್ನು ನಾನೂ ಕೇಳಿದ್ದೇನೆ. ಪೂರ್ಣ ಮೊತ್ತವನ್ನು ಕಟ್ಟಲಾಗದ ತಿಂಗಳಿನಲ್ಲಿ ಆಗುವುದನ್ನು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ಬಿಡದಿಯ ಕಾರ್ಖಾನೆಯೊಂದರಲ್ಲಿ ಗುತ್ತಿಗೆಯ ಮೇಲೆ ದುಡಿಯುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಒಂದು ಭಾನುವಾರ ನಮ್ಮ ಮನೆಗೆ ಬಂದು, ಕಾರ್ಡಿನ ಬಿಲ್ಲುಗಳ ಕಟ್ಟನ್ನು ಮುಂದಿಟ್ಟು, “ಮೇಷ್ಟ್ರೇ, ತಿಂಗಳು ತಿಂಗಳು ತಪ್ಪದೆ ಕಟ್ತಾನೇ ಇವ್ನಿ, ಸಾಲ ಮಾತ್ರ ಎಲ್ಲಿತ್ತೋ ಅಲ್ಲೇ ಐತೆ” ಎಂದ. ಅವನು ಗಣಿತದಲ್ಲಿ ದಡ್ಡನಾಗಿದ್ದವನಲ್ಲ. ಇಬ್ಬರೂ ಕುಳಿತು ಲೆಕ್ಕ ಹಾಕಿದೆವು. ಆ ಲೆಕ್ಕದ ರೀತಿಯನ್ನು ಸುಲಭದ ಅಂಕಿಗಳಲ್ಲಿ ಇಲ್ಲಿ ಕೊಡುತ್ತೇನೆ.

ಬಾಕಿ ೨೦,೦೦೦ ರೂಪಾಯಿ ಎಂದಿಟ್ಟುಕೊಳ್ಳೋಣ. ಬಿಲ್ಲಿನಲ್ಲಿ ‘ಕನಿಷ್ಠ ಪಾವತಿ’ ಎಂದು ನೂರಕ್ಕೆ ಐದರಂತೆ ೧,೦೦೦ ರೂಪಾಯಿ ಕಾಣಿಸಿರುತ್ತದೆ. ಅಷ್ಟನ್ನು ಕಟ್ಟಿದರೆ ಉಳಿಯುವುದು ೧೯,೦೦೦. ತಿಂಗಳಿಗೆ ನೂರಕ್ಕೆ ಮೂರೂವರೆ ಬಡ್ಡಿಯಂತೆ ೬೬೫ ರೂಪಾಯಿ. ಆ ಬಡ್ಡಿಯ ಮೇಲೆ ನೂರಕ್ಕೆ ಹದಿನೆಂಟರಂತೆ ಜಿಎಸ್‌ಟಿ, ಸುಮಾರು ೧೨೦ ರೂಪಾಯಿ. ಒಟ್ಟು ೭೮೫. ಮುಂದಿನ ತಿಂಗಳ ಬಾಕಿ ೧೯,೭೮೫. ಸಾವಿರ ಕಟ್ಟಿದವನ ಸಾಲ ಇಳಿದದ್ದು ೨೧೫ ರೂಪಾಯಿ ಮಾತ್ರ. ಹೀಗೆಯೇ ಒಂದು ವರ್ಷ, ಹೊಸದಾಗಿ ಒಂದು ಕಾಸನ್ನೂ ಖರ್ಚುಮಾಡದೆ, ಕನಿಷ್ಠ ಪಾವತಿಯನ್ನೇ ಕಟ್ಟುತ್ತ ಹೋದರೆ, ಕೈಬಿಟ್ಟ ಹಣ ಸುಮಾರು ೧೧,೩೦೦. ಇಳಿದ ಸಾಲ ಸುಮಾರು ೨,೪೦೦. ಮಿಕ್ಕದ್ದೆಲ್ಲ ಬಡ್ಡಿಗೂ ತೆರಿಗೆಗೂ ಜಮೆ. ವಾಸ್ತವದಲ್ಲಿ ಸ್ಥಿತಿ ಇನ್ನೂ ಬಿಗಿ; ಹಳೆಯ ಬಾಕಿ ಉಳಿದಿರುವಾಗ ಮಾಡಿದ ಹೊಸ ಖರೀದಿಗೆ ಬಡ್ಡಿಯಿಲ್ಲದ ಅವಧಿ ಅನ್ವಯಿಸುವುದಿಲ್ಲ, ಕೊಂಡ ದಿನದಿಂದಲೇ ಬಡ್ಡಿ ಓಡತೊಡಗುತ್ತದೆ. ಎಟಿಎಂನಲ್ಲಿ ಕ್ರೆಡಿಟ್ ಕಾರ್ಡ್ ಹಾಕಿ ತೆಗೆದ ಹಣಕ್ಕೂ ಅದೇ ಗತಿ, ಮೇಲೆ ಶುಲ್ಕ ಬೇರೆ. ನೋಟಿನ ರೂಪದಲ್ಲಿ ಕೈಗೆ ಬಂದರೂ ಅದು ನಗದಲ್ಲ, ನಗದಿನ ವೇಷ ತೊಟ್ಟ ಸಾಲ.

‘ಕನಿಷ್ಠ ಪಾವತಿ’ ಎಂಬ ಶಬ್ದಪ್ರಯೋಗದ ಬಗ್ಗೆ ಭಾಷಾ ಪಂಡಿತನಾದ ನಾನು ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಅದನ್ನು ಓದಿದವನಿಗೆ, ಇಷ್ಟು ಕಟ್ಟಿದರೆ ಈ ತಿಂಗಳ ಹೊಣೆ ತೀರಿತೆಂಬ ಭಾವ ಹುಟ್ಟುತ್ತದೆ. ತೀರುವುದು ತಡವಾದ ಪಾವತಿಯ ದಂಡ ಮಾತ್ರ, ಬಡ್ಡಿ ನಿಲ್ಲುವುದಿಲ್ಲ. ಅರ್ಥಕ್ಕೆ ಒಪ್ಪುವಂತೆ ಕನ್ನಡಿಸುವುದಾದರೆ ಅದನ್ನು ‘ದಂಡ ತಪ್ಪಿಸುವ ಮೊತ್ತ’ ಎನ್ನಬೇಕು. ನಮ್ಮ ವಿದ್ಯಾರ್ಥಿಯನ್ನು ಕೆಡಿಸಿದ್ದು ಗಣಿತದ ಅಜ್ಞಾನವಲ್ಲ, ಈ ಎರಡು ಪದಗಳ ಸಮಾಸ.

ವರ್ಷಕ್ಕೆ ಲೆಕ್ಕ ಹಾಕಿದರೆ ಈ ಬಡ್ಡಿ ನೂರಕ್ಕೆ ನಲವತ್ತನ್ನು ಮುಟ್ಟಿ ಮೀರುತ್ತದೆ. ನೂರಕ್ಕೆ ಮೂವತ್ತಕ್ಕಿಂತ ಹೆಚ್ಚಿನ ಬಡ್ಡಿ ಅನುಚಿತ ವ್ಯಾಪಾರ ಪದ್ಧತಿಯೆಂದು ರಾಷ್ಟ್ರೀಯ ಗ್ರಾಹಕರ ಆಯೋಗ ೨೦೦೮ರಲ್ಲಿ ತೀರ್ಪಿತ್ತಿತ್ತು. ೨೦೨೪ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ರದ್ದುಪಡಿಸಿತು. ಹಳ್ಳಿಯ ಲೇವಾದೇವಿಗಾರನ ಮೀಟರ್ ಬಡ್ಡಿಯನ್ನು ಬಾಯ್ತುಂಬ ಬೈಯುವ ನಾವು ಪೇಟೆಯ ಬಡ್ಡಿಯ ಮುಂದೆ ಮೌನ ವಹಿಸುವುದು ಏತಕ್ಕೋ ತಿಳಿಯದು.

ಕಾರ್ಡಿನಿಂದ ಕೊಡುವಾಗ ಮನುಷ್ಯನ ಕೈ ಸಡಿಲವಾಗುತ್ತದೆಂಬುದು ಅನುಭವದ ಮಾತು. ವಿದ್ವಾಂಸರೂ ಅದನ್ನು ಪರೀಕ್ಷಿಸಿ ನೋಡಿದ್ದಾರೆ. ಅಮೆರಿಕದ ಡ್ರೇಜನ್ ಪ್ರೆಲೆಕ್ ಮತ್ತು ಡಂಕನ್ ಸಿಮೆಸ್ಟರ್ ಎಂಬಿಬ್ಬರು ೨೦೦೧ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಟದ ಟಿಕೆಟ್ಟುಗಳನ್ನು ಹರಾಜಿಗಿಟ್ಟು, ಕೆಲವರು ನಗದನ್ನೂ ಕೆಲವರು ಕಾರ್ಡನ್ನೂ ಬಳಸಬೇಕೆಂದು ಕಟ್ಟುಮಾಡಿದರು. ಕಾರ್ಡಿನವರು ಕೂಗಿದ ಬೆಲೆ ನಗದಿನವರದಕ್ಕಿಂತ ಇಮ್ಮಡಿಯವರೆಗೂ ಏರಿತು. ಹಣ ಕೈಬಿಡುವಾಗ ಆಗುವ ನೋವನ್ನು ಕಾರ್ಡು ಮರೆಸುತ್ತದೆಂಬುದು ಅಂಥ ಅಧ್ಯಯನಗಳ ಸಾರ. ಸಾಲದ ಸವಿ ಮೊದಲು, ಸಂಕಟ ಆಮೇಲೆ ಎಂಬುದನ್ನು ಹೇಳುವ ಸರ್ವಜ್ಞನ ತ್ರಿಪದಿ ಬಾರದ ಕನ್ನಡಿಗನಿಲ್ಲವಾದುದರಿಂದ ಅದನ್ನು ಇಲ್ಲಿ ಉದ್ಧರಿಸುವ ಅಗತ್ಯ ಕಾಣೆ. ಅವನ ಕಾಲದಲ್ಲಿ ಸಾಲಿಗ ಬಾಗಿಲಿಗೆ ಬರುತ್ತಿದ್ದ. ಈಗ ಬರುವುದು ಮೊಬೈಲಿನ ಸಂದೇಶ.

ಹಾಗೆಂದು ಉದ್ದರಿಯೆಂಬುದೇ ಹೊಸದೆಂದು ಭಾವಿಸಬಾರದು. ರಾಮನಗರ, ಚನ್ನಪಟ್ಟಣ, ಮಾಗಡಿ, ಕನಕಪುರಗಳ ಯಾವ ಹಳ್ಳಿಯ ದಿನಸಿ ಅಂಗಡಿಯಲ್ಲಿ ಉದ್ದರಿ ಪುಸ್ತಕವಿರಲಿಲ್ಲ? ‘ಇಂದು ನಗದು, ನಾಳೆ ಉದ್ದರಿ’ ಎಂಬ ಹಲಗೆಯನ್ನು ತೂಗುಹಾಕಿದ ಅಂಗಡಿಯಾತನೇ ಹಲಗೆಯ ಕೆಳಗೆ ಕುಳಿತು ಉದ್ದರಿ ಬರೆಯುತ್ತಿದ್ದ. ಆದರೆ ಆ ಸಾಲಕ್ಕೆ ಮುಖವಿತ್ತು. ಗೂಡು ಮಾರಿದ ಮೇಲೆ ಕೊಡುವೆನೆಂದರೆ ಅವನಿಗೆ ಈ ಮನೆಯಲ್ಲಿ ಹುಳು ಎಷ್ಟನೆಯ ಜ್ವರದಲ್ಲಿದೆಯೆಂಬುದು ಗೊತ್ತಿತ್ತು. ಬಾಕಿ ಬೆಳೆದಾಗ, “ಅಣ್ಣಾ, ಈ ಸಲ ಸಕ್ಕರೆ ಕಮ್ಮಿ ತಗೊಂಡೋಗು” ಎಂದು ಅವನೇ ಕೈ ಹಿಡಿಯುತ್ತಿದ್ದ. ಆ ಪುಸ್ತಕದಲ್ಲಿ ಮೋಸ ನಡೆಯುತ್ತಿರಲಿಲ್ಲವೆಂದಲ್ಲ. ಬರೆದದ್ದನ್ನು ಓದಲಾರದವರಿಗೆ ಎರಡು ಸೇರು ಮೂರಾದ ಉದಾಹರಣೆಗಳು ಧಾರಾಳ. ಆದರೂ ಸಾಲ ಕೊಡುವವನಿಗೆ ನಮ್ಮ ಸಾಲ ತೀರಬೇಕೆಂಬ ಆಸೆಯಿತ್ತು. ಕಾರ್ಡಿನ ವ್ಯಾಪಾರದಲ್ಲಿ ಪೂರ್ಣವಾಗಿ ತೀರಿಸುವವನಿಗಿಂತ ಅರ್ಧಂಬರ್ಧ ತೀರಿಸುವವನೇ ಲಾಭದ ಗಿರಾಕಿ.

ಅಂಗಡಿಯವರಿಗೂ ನಗದು ಪ್ರಿಯವೇ. ಆದರೆ ಅದಕ್ಕೆ ಕಾರಣಗಳು ಬೇರೆ. ಒಂದು ನ್ಯಾಯವಾದುದು: ಕ್ರೆಡಿಟ್ ಕಾರ್ಡಿನಿಂದ ಬಂದ ಹಣದಲ್ಲಿ ಸಾಮಾನ್ಯವಾಗಿ ನೂರಕ್ಕೆ ಎರಡರ ಆಸುಪಾಸು ಕಡಿತವಾಗುತ್ತದೆ. ಆ ಕಡಿತವನ್ನು ಅಂಗಡಿಯವನು ಎಲ್ಲ ಗಿರಾಕಿಗಳ ಬೆಲೆಯಲ್ಲಿಯೂ ಹಂಚಿದರೆ, ಕಾರ್ಡಿನವನಿಗೆ ದೊರೆಯುವ ಬಹುಮಾನದ ಅಂಕಗಳಿಗೆ ನಗದು ಕೊಡುವ ಕೂಲಿಕಾರನೂ ಚಂದಾ ತೆತ್ತಂತಾಗುತ್ತದೆ. ಇನ್ನೊಂದು ಕಾರಣ ೨೦೨೫ರ ಜುಲೈಯಲ್ಲಿ ಬಯಲಿಗೆ ಬಂತು. ೨೦೨೧-೨೨ರಿಂದ ೨೦೨೪-೨೫ರವರೆಗಿನ ಯುಪಿಐ ಜಮೆಗಳನ್ನು ನೋಡಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವರ್ತಕರಿಗೆ ನೋಟಿಸು ಕಳುಹಿಸಿತು. ಸರಕಿನ ವ್ಯಾಪಾರದಲ್ಲಿ ವರ್ಷದ ವಹಿವಾಟು ೪೦ ಲಕ್ಷವನ್ನೂ ಸೇವೆಯಲ್ಲಿ ೨೦ ಲಕ್ಷವನ್ನೂ ಮೀರಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯವಷ್ಟೆ. ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಲ್ಲಿ ಚೌಕದ ಚಿತ್ರಗಳು ಮಾಯವಾಗಿ, ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿಗಳು ಬಂದವು. ಜುಲೈ ೨೫ರಂದು ಬಂದ್ ಎಂಬ ಕರೆಯೂ ಹೊರಟಿತ್ತು. ಜುಲೈ ೨೩ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವರ್ತಕರೊಡನೆ ಸಭೆ ನಡೆಸಿ, ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಬೇಕು ಎಂದು ಹೇಳಿದ ಮೇಲೆ ಗಲಾಟೆ ತಣ್ಣಗಾಯಿತು.

ಹಾಲು, ತಾಜಾ ತರಕಾರಿ, ಹಣ್ಣುಗಳಂಥ ತೆರಿಗೆಯೇ ಇಲ್ಲದ ವಸ್ತುಗಳನ್ನು ಮಾರುವವರಿಗೂ ನೋಟಿಸು ಹೋದುದು ಒಳ್ಳೆಯದಾಗಲಿಲ್ಲ. ತಿಳಿವಳಿಕೆ ಕೊಡದೆ ನಾಲ್ಕು ವರ್ಷಗಳ ಲೆಕ್ಕವನ್ನು ಒಮ್ಮೆಲೆ ಕೇಳಿದರೆ ಸಣ್ಣವನ ಎದೆ ಒಡೆಯುತ್ತದೆ. ಆದರೂ ನನ್ನ ಅಭಿಪ್ರಾಯವನ್ನು ಮರೆಮಾಚುವುದಿಲ್ಲ: ನಗದಿನ ಪರವಾಗಿ ಹೇಳಬಹುದಾದ ವಾದಗಳಲ್ಲಿ ‘ಯಾರಿಗೂ ಕಾಣದು’ ಎಂಬುದು ತೀರ ದುರ್ಬಲವಾದುದು. ಹೇಗೆ ಪಡೆದರೂ ವಹಿವಾಟು ವಹಿವಾಟೇ ಎಂದು ಇಲಾಖೆ ಆಗ ಹೇಳಿದ್ದು ಸರಿಯಾದ ಮಾತು. ಒಂದೂವರೆ ಕೋಟಿಯವರೆಗೆ ವಹಿವಾಟುಳ್ಳ ವರ್ತಕರು ನೂರಕ್ಕೆ ಒಂದರಂತೆ ತೆರಿಗೆ ಕಟ್ಟಿ ಮುಗಿಸುವ ರಾಜಿ ಪದ್ಧತಿಯೂ ಇದೆ. ದುಡಿಮೆಗಾರನಿಗೆ ನಗದು ಹಿತವಾಗುವುದು ತನ್ನ ಖರ್ಚು ತನಗೆ ಕಾಣುವುದರಿಂದ. ಇಲ್ಲಿ ಅದು ಹಿತವಾಗುವುದು ತನ್ನ ಗಳಿಕೆ ಪರರಿಗೆ ಕಾಣದಿರುವುದರಿಂದ. ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೊಗಳುವವರಿಂದಲೇ ನಗದಿಗೆ ಕೆಟ್ಟ ಹೆಸರು ಬಂದಿದೆ.

ನಗದಿಗೆ ಅದರದೇ ಆದ ಕಷ್ಟಗಳಿವೆ. ರಾಮನಗರದ ಗೂಡು ಮಾರುಕಟ್ಟೆಯಲ್ಲಿ ಇ-ಹರಾಜು ಬಂದು, ಬೆಲೆ ರೈತನ ಖಾತೆಗೆ ಜಮೆಯಾಗುವ ಪದ್ಧತಿ ಬಂದ ಮೇಲೆ, ದೂರದ ಊರಿನಿಂದ ಗೂಡು ತಂದವನು ಹಣದ ಗಂಟನ್ನು ಸೊಂಟಕ್ಕೆ ಕಟ್ಟಿಕೊಂಡು ರಾತ್ರಿಯ ಬಸ್ಸಿನಲ್ಲಿ ಎಚ್ಚರವಾಗಿ ಕೂರುವ ದುಃಸ್ಥಿತಿ ತಪ್ಪಿತು. ೨೦೧೬ರ ನವೆಂಬರ್ ೮ರ ರಾತ್ರಿ ಐನೂರು, ಸಾವಿರದ ನೋಟುಗಳು ರದ್ದಾದಾಗ ಸಾಸಿವೆ ಡಬ್ಬಿಗಳಲ್ಲಿ ತಾಯಂದಿರು ಅಡಗಿಸಿಟ್ಟಿದ್ದ ಹಣವೆಲ್ಲ ಹೊರಗೆ ಬರಬೇಕಾಯಿತು. ಬಿಡದಿಯ ಬಳಿಯ ಕಣಿಮಿಣಿಕೆ, ಶೇಷಗಿರಿಹಳ್ಳಿ ಟೋಲ್‌ಗಳಲ್ಲಿ ೨೦೨೩ರ ಮಾರ್ಚಿನಲ್ಲಿ ವಸೂಲಿ ಆರಂಭವಾಗುವ ಹೊತ್ತಿಗೆ, ಫಾಸ್ಟ್ಯಾಗ್ ಇಲ್ಲದೆ ನಗದು ಕೊಡುವವರಿಗೆ ಎರಡು ಪಟ್ಟು ಶುಲ್ಕವೆಂಬ ೨೦೨೧ರ ನಿಯಮ ಬಂದು ಎರಡು ವರ್ಷವಾಗಿತ್ತು. ನಮ್ಮ ಸಂಸ್ಥೆಯ ದಾನಿಗಳಿಗೂ ಇದು ಗೊತ್ತಿರುವ ವಿಷಯವೇ: ೨,೦೦೦ ರೂಪಾಯಿಗೆ ಮೀರಿದ ನಗದು ದೇಣಿಗೆಗೆ ಆದಾಯ ತೆರಿಗೆಯ ರಿಯಾಯಿತಿ ದೊರೆಯುವುದಿಲ್ಲ. ದೊಡ್ಡ ಮೊತ್ತಕ್ಕೆ ಚೆಕ್ಕೇ ಯೋಗ್ಯ. ಮನೆಯ ದಿನನಿತ್ಯದ ಖರ್ಚಿನ ಮಟ್ಟಿಗೆ ಮಾತ್ರ ನಾನು ನಗದಿನ ಪಕ್ಷಪಾತಿ.

ಮೇಲೆ ಹೇಳಿದ ನಮ್ಮ ವಿದ್ಯಾರ್ಥಿ ಕಡೆಗೆ ಕೈಗೊಂಡ ಉಪಾಯವೂ ಇದೇ ಬಗೆಯದು. ಆ ಬಾಕಿಯನ್ನು ಕಡಿಮೆ ಬಡ್ಡಿಯ ಸಂಬಳದ ಸಾಲಕ್ಕೆ ಬದಲಾಯಿಸಿಕೊಂಡು, ಸಂಬಳ ಬಂದ ದಿನವೇ ಕಂತು ಕಟ್ಟಿ, ಉಳಿದುದರಲ್ಲಿ ತಿಂಗಳ ಖರ್ಚಿನಷ್ಟನ್ನು ನಗದಾಗಿ ತೆಗೆದು, ಅಕ್ಕಿಬೇಳೆಗೆ ಒಂದು, ಹಾಲಿಗೆ ಒಂದು, ಪೆಟ್ರೋಲಿಗೆ ಒಂದು ಎಂದು ಮದುವೆಯ ಕರೆಯೋಲೆಗಳ ಹಳೆಯ ಲಕೋಟೆಗಳಲ್ಲಿ ಹಾಕಿ ಹೆಂಡತಿಯ ಕೈಯಲ್ಲಿ ಕೊಡುತ್ತಾನೆ. ಇಪ್ಪತ್ತನೆಯ ತಾರೀಖಿನ ಹೊತ್ತಿಗೆ ಪೆಟ್ರೋಲಿನ ಲಕೋಟೆ ತೆಳ್ಳಗಾದರೆ ಕಾರ್ಖಾನೆಯ ಬಸ್ಸು ಹಿಡಿಯುತ್ತಾನಂತೆ. ಕಾರ್ಡನ್ನು ಮುರಿದು ಹಾಕಿಲ್ಲ. ಮಗುವಿಗೆ ಜ್ವರ ಬಂದೀತೆಂದು ಬೀರುವಿನಲ್ಲಿಟ್ಟಿದ್ದಾನೆ.

ಈ ವರ್ಷ ಹತ್ತನೆಯ ತರಗತಿಯ ಮಕ್ಕಳಿಗೆ ಪತ್ರಲೇಖನದ ಪಾಠ ಮಾಡುವಾಗ ಹೆಸರು, ಸಂಖ್ಯೆಗಳನ್ನು ಅಳಿಸಿದ ಒಂದು ಕಾರ್ಡಿನ ಬಿಲ್ಲನ್ನು ಕರಿಹಲಗೆಯ ಮೇಲೆ ಬರೆದು, ಅದನ್ನು ತಮ್ಮ ಅಜ್ಜಿಗೆ ಅರ್ಥವಾಗುವ ಕನ್ನಡದಲ್ಲಿ ಬರೆಯಿರೆಂದು ಹೇಳಿದೆ. ‘ಕನಿಷ್ಠ ಪಾವತಿ’ ಎಂಬಲ್ಲಿಗೆ ಬಂದು ಬಹುಪಾಲು ಮಕ್ಕಳ ಲೇಖನಿ ನಿಂತಿತು. ಗಣಿತದ ಅಧ್ಯಾಪಕರು ಒಪ್ಪಿದ್ದಾರೆ. ಮುಂದಿನ ವರ್ಷ ಆ ಪಾಠವನ್ನು ನಾವಿಬ್ಬರೂ ಸೇರಿ ಎರಡು ಅವಧಿಗಳಲ್ಲಿ ಮಾಡುವವರಿದ್ದೇವೆ.